ಉಪ್ಪುನೀರಿನ ತನಕ

ಕೆಸರಿನ ವಾಸನೆಗೆ ಕಾರು ನಿಲ್ಲಿಸುವವಳು ನಾನಲ್ಲ. ಚಾಮರಾಜಪೇಟೆಯಲ್ಲಿ ಹುಟ್ಟಿ ಬೆಳೆದವಳಿಗೆ ನೀರು ಅಂದ್ರೆ ನಲ್ಲಿಯಲ್ಲಿ ಬರೋದು, ಅದೂ ದಿನ ಬಿಟ್ಟು ದಿನ. ಆದರೆ ಹೋದ ತಿಂಗಳು ಗೆಳತಿಯ ಮಗುವಿನ ನಾಮಕರಣಕ್ಕೆ ವಾಟರ್‌ಫರ್ಡ್‌ಗೆ ಹೋಗ್ತಿದ್ದಾಗ, ನ್ಯೂ ರಾಸ್ ಊರಿನ ಸೇತುವೆ ಹತ್ತಿರ ಸುಮ್ಮನೆ ಕಿಟಕಿ ಇಳಿಸಿದೆ. ನದಿ ಇಳಿದಿತ್ತು. ಎರಡೂ ದಂಡೆಯಲ್ಲಿ ಬೂದುಬಣ್ಣದ ಕೆಸರು ಹೊಳೀತಿತ್ತು, ಕೊಳೆತ ಜೊಂಡು ಮತ್ತು ಉಪ್ಪು ಸೇರಿದ ಆ ವಾಸನೆ ಮೂಗಿಗೆ ಬಡಿದಿದ್ದೇ ತಡ, ಕಾರನ್ನು ಪಕ್ಕಕ್ಕೆ ಹಾಕಿಬಿಟ್ಟೆ. ರಮೇಶ, ಅಂದರೆ ನನ್ನ ಗಂಡ, ಏನಾಯ್ತು ಅಂತ ಕೇಳಿದರು. ಏನಿಲ್ಲ, ಐದು ನಿಮಿಷ ಅಂದೆ. ಅವರಿಗೂ ಗೊತ್ತಾಯ್ತು, ತಮ್ಮ ಕಡೆಯ ಕಿಟಕಿಯನ್ನೂ ಇಳಿಸಿದರು. 2021ರ ಬೇಸಿಗೆ ಇಬ್ಬರ ಮೂಗಿನಲ್ಲೂ ಇನ್ನೂ ಹಾಗೇ ಇದೆ.

ಆ ಬೇಸಿಗೆಯ ಕಥೆ ಶುರುವಾಗೋದು ಹಿಂದಿನ ವರ್ಷದ ಫೆಬ್ರವರಿಯಲ್ಲಿ, ನಮ್ಮತ್ತೆ ಗುಲಾಬಿಯಮ್ಮ ಮೂರು ತಿಂಗಳಿಗೆ ಅಂತ ನಮ್ಮ ಮನೆಗೆ ಬಂದಾಗ. ಮಾರ್ಚಿಗೆ ವಿಮಾನ ನಿಂತವು. ಡಬ್ಲಿನ್ ಪಕ್ಕದ ಸ್ವೋರ್ಡ್ಸ್‌ನಲ್ಲಿ ನಮ್ಮದು ಎರಡು ಕೋಣೆಯ ಫ್ಲ್ಯಾಟು. ಊಟದ ಟೇಬಲ್ಲೇ ನನ್ನ ಆಫೀಸು. ಸಿಟಿವೆಸ್ಟಿನ ಒಂದು ಕಂಪನಿಗೆ ಸಂಬಳದ ಲೆಕ್ಕ ಮಾಡುವ ಕೆಲಸ. ರಮೇಶ ಏರ್‌ಪೋರ್ಟಿನಲ್ಲಿ ಲಗೇಜ್ ಬೆಲ್ಟುಗಳ ರಿಪೇರಿ ನೋಡ್ಕೊಳ್ಳೋರು. ವಿಮಾನವೇ ಇಲ್ಲ ಅಂದಮೇಲೆ ಬೆಲ್ಟು ಯಾಕೆ ಕೆಡುತ್ತೆ? ಅವರೂ ಮನೆಯಲ್ಲೇ. ಮೂರು ಜನ, ಒಂದು ಅಡುಗೆಮನೆ, ಹೊರಗೆ ಹೋಗೋ ಹಾಗಿಲ್ಲ. ನಾನು ಮೀಟಿಂಗಿನಲ್ಲಿದ್ದಾಗಲೇ ಅತ್ತೆಗೆ ಒಣಮೀನು ಹುರಿಯಬೇಕು. ಅತ್ತೆ ನಿದ್ದೆ ಹೋದಾಗಲೇ ನನಗೆ ಮಿಕ್ಸಿ ಬೇಕು. ಹೀಟರ್ ಹಾಕೋದು ಅವರು, ಆರಿಸೋದು ನಾನು. ಒಬ್ಬರ ಮೇಲೊಬ್ಬರಿಗೆ ದ್ವೇಷ ಇತ್ತು ಅಂತಲ್ಲ, ಪ್ರೀತಿ ಅಂತೂ ಇರಲಿಲ್ಲ. ಸುಳ್ಳು ಯಾಕೆ ಹೇಳಲಿ.

ಅತ್ತೆಯ ತವರು ಗಂಗೊಳ್ಳಿ ಹತ್ತಿರದ ಒಂದು ಕುದ್ರು. ಕುದ್ರು ಅಂದರೆ ನದಿ ನಡುವಿನ ದ್ವೀಪ. ಸುತ್ತ ನೀರು, ಸ್ಕೂಲಿಗೂ ರೇಷನ್ನಿಗೂ ದೋಣಿಯೇ ಗತಿ. ಅವರ ಅಣ್ಣ ಸಂಜೀವಣ್ಣ ಅಲ್ಲಿ ಜನರನ್ನು ಆಚೆ ದಡ ಮುಟ್ಟಿಸುವ ಕಡವಿನ ದೋಣಿ ನಡೆಸ್ತಿದ್ದರು. ಮದುವೆಯಾಗಿ ಹೋಗೋವರೆಗೂ ಅತ್ತೆಯೂ ಅಣ್ಣನ ಜೊತೆ ಹುಟ್ಟು ಹಾಕಿದವರೇ. ಸಂಜೀವಣ್ಣನ ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಒಡಹುಟ್ಟಿದವರು ಅಂತ ಇದ್ದದ್ದು ಇವರೊಬ್ಬರೇ. ದಿನಾ ಸಾಯಂಕಾಲ ವಾಟ್ಸಾಪಿನಲ್ಲಿ ಅಣ್ಣ ತಂಗಿ ಕಿರುಚಾಡಿಕೊಂಡು ಮಾತಾಡೋರು. ಅವರ ಕುಂದಾಪುರದ ಕನ್ನಡ ನನಗೆ ಮೊದಮೊದಲು ಅರ್ಧಂಬರ್ಧ ತಿಳೀತಿತ್ತು, ಆಮೇಲೆ ಪೂರ್ತಿ ತಿಳಿಯೋಕೆ ಶುರುವಾಗಿ ಇನ್ನೂ ಕಷ್ಟವಾಯ್ತು. ಯಾಕಂದ್ರೆ ಅರ್ಧ ಮಾತು ನನ್ನ ಸಾರಿನ ಬಗ್ಗೆ ಇರ್ತಿತ್ತು.

ಮರುವರ್ಷ ಮೇ ತಿಂಗಳಲ್ಲಿ ಊರಲ್ಲಿ ಎರಡನೇ ಅಲೆ ಬಂತು. ಸಂಜೀವಣ್ಣನಿಗೆ ಜ್ವರ ಅಂದರು, ಆಸ್ಪತ್ರೆಗೆ ಸೇರಿಸಿದ್ದಾರೆ ಅಂದರು, ಆಮೇಲೆ ಫೋನು ಬಂದಾಗ ಎಲ್ಲ ಮುಗಿದಿತ್ತು. ಆಸ್ಪತ್ರೆಯಿಂದಲೇ ವ್ಯಾನಿನಲ್ಲಿ ಸ್ಮಶಾನಕ್ಕೆ. ಮುಖ ನೋಡಿದವರಿಲ್ಲ, ಬಾಯಿಗೆ ನೀರು ಬಿಟ್ಟವರಿಲ್ಲ. ಅತ್ತೆ ಅಳಲಿಲ್ಲ. ಫೋನು ಕೆಳಗಿಟ್ಟು, ಒಲೆ ಮೇಲಿದ್ದ ಅನ್ನ ಇಳಿಸಿ, ಬಾಲ್ಕನಿಗೆ ಹೋಗಿ ನಿಂತರು. ಆಮೇಲೆ ದಿನಗಟ್ಟಲೆ ಹಾಗೇ. ಮೀನು ಹುರಿಯಲಿಲ್ಲ, ಹೀಟರ್ ಹಾಕಲಿಲ್ಲ, ನನ್ನನ್ನು ಒಂದು ಮಾತು ಅನ್ನಲಿಲ್ಲ. ನಿಜ ಹೇಳ್ತೀನಿ, ಅವರ ಬೈಗುಳಕ್ಕೆ ನಾನು ಹಂಬಲಿಸಿದೆ.

ಕೊನೆಗೆ ಒಂದು ದಿನ ಅವರೇ ಬಾಯಿ ಬಿಟ್ಟರು. ಅವರ ಮನೆತನದಲ್ಲಿ ಒಂದು ಪದ್ಧತಿಯಂತೆ. ಕಡವಿನವನು ಸತ್ತರೆ ಒಡಹುಟ್ಟಿದವರು ಸಿಹಿನೀರಿನಿಂದ ಉಪ್ಪುನೀರಿನ ತನಕ ತಾವೇ ಹುಟ್ಟು ಹಾಕಿಕೊಂಡು ಹೋಗಿ, ಅಲ್ಲಿ ಅವನ ಹೆಸರಲ್ಲಿ ಎಳ್ಳುನೀರು ಬಿಟ್ಟು ಬರಬೇಕು. ಸಂಜೀವಣ್ಣನಿಗೆ ಅದನ್ನು ಮಾಡೋರು ಊರಲ್ಲಿ ಯಾರೂ ಉಳಿದಿಲ್ಲ. ರಮೇಶ ಒಳ್ಳೆ ಮನಸ್ಸಿನಿಂದಲೇ ಹೇಳಿದರು, ಸಮುದ್ರ ಇಲ್ಲೇ ಹತ್ತು ನಿಮಿಷ ಅಲ್ವಾ ಅಮ್ಮ, ಕಾರಲ್ಲಿ ಹೋಗಿ ಬಿಟ್ಟು ಬರೋಣ ಅಂತ. ಅತ್ತೆ ಮಗನನ್ನು ನೋಡಿದ ನೋಟಕ್ಕೆ ನಾನೇ ಎದ್ದು ಅಡುಗೆಮನೆಗೆ ಹೋದೆ.

"ಕಾರಲ್ಲಿ ಹೋಯಿ ಕೊಡುಕೆ ಅದೆಂತ ಪಾರ್ಸಲ್ಲಾ?" ಅಂದರು. "ಅಂವ ಊರಿಡೀ ದಾಟ್ಸಿದ. ಅಂವ್ನ ದಾಟ್ಸುಕೆ ಯಾರೂ ಇಲ್ಲೆ."

ಹೆಂಗಸರು ಎಳ್ಳುನೀರು ಬಿಡೋ ಹಾಗಿಲ್ಲ ಅಂತ ಊರಿನ ಭಟ್ಟರು ಫೋನಿನಲ್ಲಿ ಹೇಳಿದರಂತೆ. ಹಾಗಾದ್ರೆ ಭಟ್ರೇ ಬಂದು ಹುಟ್ಟು ಹಾಕಲಿ ಅಂತ ಅತ್ತೆ ಫೋನಿಟ್ಟರಂತೆ. ಅವರು ಪಟ್ಟು ಹಿಡಿದರೆ ಮುಗೀತು. ನಮಗೆ ನದಿ ಬೇಕಿತ್ತು, ದೋಣಿ ಬೇಕಿತ್ತು, ಎರಡೂ ಇರಲಿಲ್ಲ.

ದಾರಿ ತೋರಿಸಿದ್ದು ರಮೇಶನ ಜೊತೆ ಕೆಲಸ ಮಾಡುವ ಒಬ್ಬ ಹುಡುಗ. ಅವನದು ಬ್ಯಾರೋ ನದಿ ದಂಡೆಯ ಹಳ್ಳಿ. ಅಲ್ಲಿ ಪ್ರತಿ ಜುಲೈಯಲ್ಲಿ ಮೂರು ದಿನದ ಒಂದು ರೇಸು ನಡೆಯುತ್ತಂತೆ. ಕಾರ್ಲೋ ಊರಿನ ಕೆಳಗಿಂದ ಹೊರಟು, ಸಮುದ್ರದ ನೀರು ಒಳಗೆ ಬರುವ ನ್ಯೂ ರಾಸ್ ಆಚೆಯ ತನಕ ಹುಟ್ಟು ಹಾಕುತ್ತಾ ಹೋಗೋದು. ಫೈಬರ್ ದೋಣಿಗಳ ಜೊತೆ ಆ ಕಡೆಯ ಹಳೇ ಮರದ ದೋಣಿಗಳಿಗೂ ಒಂದು ವಿಭಾಗ. ಅದಕ್ಕೆ ಕಾಟ್ ಅಂತಾರೆ. ಚಪ್ಪಟೆ ತಳ, ಎರಡೂ ತುದಿ ಚೂಪು. ಹಿಂದೆ ಅದರಲ್ಲೇ ಮೀನು ಹಿಡೀತಿದ್ದರು. ಅದು ಮರೆತುಹೋಗಬಾರದು ಅಂತಲೇ ಈ ರೇಸು. ರಮೇಶ ಫೋನಿನಲ್ಲಿ ಫೋಟೋ ತೋರಿಸಿದಾಗ ಅತ್ತೆ ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. "ಇದ್ ನಮ್ ದೋಣಿಯೇ ಅಲ್ದಾ?" ಅಂದರು. ಎಷ್ಟೋ ದಿನದ ಮೇಲೆ ಅವರ ಧ್ವನಿಯಲ್ಲಿ ಜೀವ ಬಂದಿತ್ತು.

ಆ ಹುಡುಗನ ಮಾವ ಡೆಕ್ಲನ್ ಹತ್ತಿರ ಒಂದು ಕಾಟ್ ಇತ್ತು. ಡೆಕ್ಲನ್ ಅಂದ್ರೆ ಎಪ್ಪತ್ತು ದಾಟಿದ, ಉಣ್ಣೆ ಟೋಪಿ ತೆಗೆಯದ, ಗಾಳಿಗೆ ಕೆಂಪಾದ ಮುಖದ ಮನುಷ್ಯ. ಎಲ್ಲದಕ್ಕೂ "ಗ್ರ್ಯಾಂಡ್" ಅನ್ನೋರು, ಇಲ್ಲಿಯವರ ಬಾಯಲ್ಲಿ ಅದಕ್ಕೆ ಎಲ್ಲ ಸರಿ ಅಂತ ಅರ್ಥ. ಅವರ ಇಂಗ್ಲಿಷು ನನಗೆ ಅರ್ಧ, ಅತ್ತೆಗೆ ಸೊನ್ನೆ. ಆದರೂ ಅತ್ತೆ ದೋಣಿಯನ್ನು ಬೆರಳಿನಿಂದ ತಟ್ಟಿ ನೋಡ್ತಾ ಸುತ್ತು ಬಂದ ರೀತಿ ನೋಡಿಯೇ ಅವರಿಗೆ ಎಲ್ಲ ಗೊತ್ತಾಯ್ತು. ಸುಮ್ಮನೆ ಕೊಡಲ್ಲ, ಈ ನದಿಯಲ್ಲಿ ಹೊಸಬರನ್ನು ಒಂಟಿಯಾಗಿ ಬಿಡೋ ಮಾತೇ ಇಲ್ಲ. ರೇಸಿನಲ್ಲಿ ಬನ್ನಿ, ಕಾವಲು ದೋಣಿಗಳಿರ್ತವೆ ಅಂದರು. ಆ ವರ್ಷ ಇನ್ನೊಂದು ನಿಯಮ ಇತ್ತು: ಒಂದು ದೋಣಿಗೆ ಇಬ್ಬರು, ಇಬ್ಬರೂ ಒಂದೇ ಮನೆಯವರು. ರಮೇಶನಿಗೆ ಭುಜದ ಆಪರೇಷನ್ ಆಗಿತ್ತು, ಹುಟ್ಟು ಮುಟ್ಟಬಾರದು ಅಂತ ಡಾಕ್ಟರು ಹೇಳಿದ್ದರು. ಉಳಿದವಳು ನಾನು. ಈಜು ಬರದವಳು, ಲಾಲ್‌ಬಾಗಿನ ಕೆರೆಯನ್ನೂ ದೂರದಿಂದ ನೋಡಿದವಳು. ಆಗಲ್ಲ ಅನ್ನೋಕೆ ಬಾಯಿ ತೆಗೆದೆ, ಬಾಲ್ಕನಿಯಲ್ಲಿ ನಿಂತ ಅವರ ಬೆನ್ನು ನೆನಪಾಯ್ತು. ಸರಿ, ನಾನೇ ಬರ್ತೀನಿ ಅಂದೆ.

ಜೂನಿನ ಎಲ್ಲ ಭಾನುವಾರವೂ ಅಭ್ಯಾಸ. ಮುಂದೆ ನಾನು, ಹಿಂದೆ ಚುಕ್ಕಾಣಿಗೆ ಅತ್ತೆ. ಸೀರೆ ಬಿಟ್ಟು ಮಗನ ಟ್ರ್ಯಾಕ್ ಪ್ಯಾಂಟು, ಮೇಲೆ ಕೇಸರಿ ಲೈಫ್ ಜಾಕೆಟ್ಟು, ತಲೆಗೆ ಟವೆಲು. ನೀರಿಗೆ ಹೊಡೀಬೇಡ, ನೀರನ್ನು ಎಳಿ ಅಂತ ಬೈದಿದ್ದೇ ಬೈದಿದ್ದು. ತೋಳಲ್ಲಿ ಅಲ್ಲ ಸೊಂಟದಲ್ಲಿ ಅಂತ. ಮನೆಯಲ್ಲಿ ಸಾರಿನ ಬಗ್ಗೆ ಅಂದಿದ್ದರೆ ಉರಿದು ಬೀಳ್ತಿದ್ದೆ. ಇಲ್ಲಿ ತಲೆ ಬಗ್ಗಿಸಿ ಕೇಳಿದೆ. ಅಂಗೈಯಲ್ಲಿ ಗುಳ್ಳೆ ಎದ್ದವು, ಒಡೆದವು, ಗಟ್ಟಿಯಾದವು. ಸೋಮವಾರ ಕೀಬೋರ್ಡ್ ಮುಟ್ಟೋಕೆ ಆಗ್ತಿರಲಿಲ್ಲ. ಹಠಕ್ಕೆ ಬಿದ್ದಿದ್ದೆ, ಯಾರ ಮೇಲೆ ಅಂತ ನನಗೇ ಗೊತ್ತಿರಲಿಲ್ಲ.

ರೇಸಿನ ದಿನ ಬೆಳಿಗ್ಗೆ ಜಿಟಿಜಿಟಿ ಮಳೆ. ಬೇರೆ ವರ್ಷ ಆಗಿದ್ದರೆ ದಂಡೆಯಲ್ಲಿ ಪಿಟೀಲು, ಅಕಾರ್ಡಿಯನ್, ಹೊಗೆ ಹಾಕಿದ ಮೀನು, ಬಿಯರು ಎಲ್ಲ ಇರ್ತಿತ್ತಂತೆ. ಈ ಸಲ ಜನ ತಮ್ಮ ತಮ್ಮ ಕುರ್ಚಿ ತಂದು ದೂರದೂರ ಕೂತು, ಮಾಸ್ಕ್ ಒಳಗಿಂದಲೇ ಕೂಗ್ತಿದ್ದರು. ಯಾರೂ ಯಾರ ದೋಣಿಯನ್ನೂ ಮುಟ್ಟೋ ಹಾಗಿಲ್ಲ. ಪ್ರತಿ ದಿನಕ್ಕೂ ಒಂದು ಗಡುವು. ಅಷ್ಟರೊಳಗೆ ಆ ದಿನದ ಜಾಗ ಮುಟ್ಟದಿದ್ದರೆ ದೋಣಿಯನ್ನು ಟ್ರೈಲರಿಗೆ ಏರಿಸಿ ಕಳಿಸಿಬಿಡ್ತಾರೆ. ಬೇರೆಯವರಿಗೆ ರೇಸು ಹೋಗುತ್ತೆ ಅಷ್ಟೇ. ನಮಗೆ ಹೋಗೋದು ಉಪ್ಪುನೀರು. ಅತ್ತೆ ಎಳ್ಳಿನ ಪೊಟ್ಟಣವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿಕೊಂಡರು.

ಸೀಟಿ ಊದಿದರು, ಹೊರಟೆವು. ಚೆನ್ನಾಗಿಯೇ ಹೋಗ್ತಿದ್ದೆವು, ಮೊದಲನೇ ಲಾಕ್ ಬರೋವರೆಗೂ. ಬ್ಯಾರೋ ನದಿಗೆ ಉದ್ದಕ್ಕೂ ಅಡ್ಡಗಟ್ಟೆಗಳಿವೆ, ಪಕ್ಕದಲ್ಲಿ ನೀರಿನ ಮಟ್ಟ ಇಳಿಸುವ ಗೇಟುಗಳಿವೆ. ಅದಕ್ಕೇ ಲಾಕ್ ಅನ್ನೋದು. ಅಲ್ಲಿ ದೋಣಿಯನ್ನು ದಡಕ್ಕೆತ್ತಿ, ಜಲ್ಲಿ ಹಾದಿ ಮೇಲೆ ಸಾಗಿಸಿ, ಗೇಟಿನ ಕೆಳಗೆ ಮತ್ತೆ ನೀರಿಗೆ ಬಿಡಬೇಕು. ಜಲ್ಲಿ ಮೇಲೆ ಕಾಲಿಟ್ಟೆ. ಹಾಗೇ ನಿಂತೆ. ನನ್ನ ಕಾಲು ನೋಡಿಕೊಂಡೆ, ಅತ್ತೆಯ ಕಾಲು ನೋಡಿದೆ. ಇಬ್ಬರ ಕಾಲಲ್ಲೂ ಏನೂ ಇರಲಿಲ್ಲ.

ಅವರೂರಲ್ಲಿ ಚಪ್ಪಲಿ ಕಾಲಲ್ಲಿ ಯಾರೂ ದೋಣಿ ಹತ್ತಲ್ಲ. ದೋಣಿ ಅನ್ನ ಕೊಡೋದು, ಅದರ ಮೇಲೆ ಚಪ್ಪಲಿ ಇಡ್ತಾರಾ? ಅಭ್ಯಾಸದ ದಿನಗಳಲ್ಲೂ ದಂಡೆಯಲ್ಲಿ ಬಿಟ್ಟೇ ಹತ್ತುತ್ತಿದ್ದೆವು, ತಿರುಗಿ ಅದೇ ದಂಡೆಗೆ ಬರ್ತಿದ್ದರಿಂದ ತೊಂದರೆ ಆಗಿರಲಿಲ್ಲ. ಆವತ್ತೂ ಜೋಡಿ ಜೋಡಿಯಾಗಿ, ಒಪ್ಪವಾಗಿ, ಶೂಗಳನ್ನು ಕಾರ್ಲೋದಲ್ಲೇ ಬಿಟ್ಟು ಬಂದಿದ್ದೆವು. ಮುಂದೆ ಮೂರು ದಿನದ ಜಲ್ಲಿ, ಮುಳ್ಳು, ಮುಟ್ಟಿದರೆ ಉರಿಯುವ ತುರಿಕೆ ಗಿಡ. ಸಿಟ್ಟು ನೆತ್ತಿಗೇರಿತು. ಅತ್ತೆಗೆ ಏನಾದರೂ ಅನ್ನೋಣ ಅಂದ್ರೆ ಅವರಾಗಲೇ ಬರಿಗಾಲಲ್ಲಿ ಇಳಿದು ದೋಣಿಯ ಮೂತಿ ಹಿಡಿದಿದ್ದರು.

ಮನೆಯವರು ಅಂತ ರಮೇಶ ಮುಟ್ಟಬಹುದಿತ್ತು. ಕಾರಲ್ಲಿ ಮೊದಲೇ ಬಂದು ಕಾಯ್ತಿದ್ದ ಅವರು ಒಂದೇ ಕೈಯಲ್ಲಿ ಮರದ ದುಂಡನೆ ಕಂಬಗಳನ್ನು ದೋಣಿಯ ಅಡಿಗೆ ಕೊಟ್ಟರು; ಊರಲ್ಲಿ ಮರಳಿನ ಮೇಲೆ ದೋಣಿ ಉರುಳಿಸೋದು ಹೀಗೇ ಅಂತೆ. ನಾವಿಬ್ಬರೂ ತಳ್ಳಿದೆವು. ಕುರ್ಚಿಯಲ್ಲಿ ಕೂತಿದ್ದ ಒಬ್ಬ ಹೆಂಗಸು ನಮ್ಮ ಕಾಲು ನೋಡಿದಳು, ಎದ್ದು ಮನೆಗೆ ಓಡಿದಳು, ಎರಡು ಜೊತೆ ರಬ್ಬರ್ ಬೂಟು ತಂದು ದೂರದಿಂದಲೇ ಎಸೆದಳು. ನನ್ನದು ಅವಳ ಗಂಡನದಿರಬೇಕು, ಒಳಗೆ ಕಾಲು ಈಜಾಡ್ತಿತ್ತು. ಅತ್ತೆಗೆ ಸಿಕ್ಕಿದ್ದು ಯಾವುದೋ ಮಗುವಿನ ಕೆಂಪು ಬೂಟು, ಮೇಲೆ ಕಪ್ಪು ಚುಕ್ಕೆ. ಅಳೆದು ಮಾಡಿಸಿದ ಹಾಗೆ ಕೂತಿತು. ಅವರು ಅದನ್ನು ತೊಟ್ಟು ಗೇಟು ದಾಟಿದರು, ಗೇಟು ದಾಟಿದ್ದೇ ಬಿಚ್ಚಿದರು, ಹಗ್ಗದಲ್ಲಿ ಕಟ್ಟಿ ದೋಣಿಯ ಹಿಂದೆ ಹೊರಗಡೆ ನೇತುಹಾಕಿದರು. ನನ್ನದನ್ನೂ ಬಿಚ್ಚಿಸಿದರು.

ಹಾಗೆ ಪ್ರತಿ ಲಾಕಿನಲ್ಲೂ. ಬಿಚ್ಚು, ತೊಡು, ತಳ್ಳು, ಬಿಚ್ಚು, ಕಟ್ಟು. ಫೈಬರ್ ದೋಣಿಯ ಹುಡುಗರು ಮೀನಿನ ಹಾಗೆ ಜಾರಿಕೊಂಡು ಹೋದರು. ಮೊದಲನೇ ದಿನ ಗಡುವಿಗೆ ಸ್ವಲ್ಪ ಮುಂಚೆ ಮುಟ್ಟಿದೆವು. ಎರಡನೇ ದಿನ ಇಡೀ ಮಳೆ, ಎದುರು ಗಾಳಿ. ಬೆನ್ನು ಹಲಗೆಯಾಗಿತ್ತು, ಬಾಯಿ ಹಾಳಾಗಿತ್ತು. ಅತ್ತೆ, ಇದು ರೇಸು, ಬೂಟು ಹಾಕ್ಕೊಂಡೇ ಕೂತರೆ ನಿಮ್ಮಣ್ಣ ಏನೂ ಅಂದುಕೊಳ್ಳಲ್ಲ ಅಂದುಬಿಟ್ಟೆ. ಹಿಂದೆ ಹುಟ್ಟಿನ ಸದ್ದು ಮೊದಲಿಗಿಂತ ಜೋರಾಯ್ತು. ಆ ದಿನ ಗಡುವು ಮುಗಿಯುವ ಹೊತ್ತಿಗೆ ಸರಿಯಾಗಿ ದಡ ತಾಕಿದೆವು. ಡೆಕ್ಲನ್ ಗಡಿಯಾರ ನೋಡಿ, ಟೋಪಿ ಸರಿಮಾಡಿಕೊಂಡು, ಗ್ರ್ಯಾಂಡ್ ಅಂದರು. ಅತ್ತೆಯೂ ಗ್ರ್ಯಾಂಡ್ ಅಂದರು. ರಾತ್ರಿ ಹೋಟೆಲ್ ರೂಮಿನಲ್ಲಿ ನನ್ನ ಅಂಗೈಗೆ ಕೊಬ್ಬರಿ ಎಣ್ಣೆ ಹಚ್ಚಿ, ಹಳೇ ಬಟ್ಟೆ ಸುತ್ತಿ ಕಟ್ಟಿದವರೂ ಅವರೇ. ಕಟ್ಟಿ ಮುಗಿದ ಮೇಲೂ ಕೈ ಬಿಡಲಿಲ್ಲ.

ಮೂರನೇ ದಿನ ಬಿಸಿಲು. ಸೇಂಟ್ ಮುಲಿನ್ಸ್ ಹತ್ತಿರ ಕೊನೆಯ ಲಾಕ್. ಅದರ ಕೆಳಗೆ ನದಿಗೆ ಸಮುದ್ರದ ಉಬ್ಬರ ಇಳಿತ ತಾಗುತ್ತೆ. ಇಳಿತ ಇರುವಾಗಲೇ ಹೊರಟುಬಿಡಬೇಕು, ಉಬ್ಬರ ಶುರುವಾದರೆ ನೀರೇ ಹಿಂದಕ್ಕೆ ತಳ್ಳುತ್ತೆ; ಹಾಗಾಗಿ ಆ ದಿನದ ಗಡುವು ಇದೇ ಜಾಗಕ್ಕೆ. ನಾವು ಅಲ್ಲಿ ಬೂಟು ತೊಟ್ಟು, ದೋಣಿ ಉರುಳಿಸಿ, ಬೂಟು ಬಿಚ್ಚಿ, ಕಟ್ಟಿ, ಕೂತು ಹುಟ್ಟು ಎತ್ತುವಷ್ಟರಲ್ಲಿ ಹಳದಿ ಕೋಟಿನ ಹುಡುಗಿಯೊಬ್ಬಳು ದಂಡೆಯಿಂದ ಕೈ ಅಡ್ಡ ಹಿಡಿದಳು. ಗಡುವು ಮುಗೀತು, ನೀರು ತಿರುಗಿದೆ, ನಿಮ್ಮ ರೇಸು ಇಲ್ಲಿಗೆ ಮುಗೀತು ಅಂತ ಬಹಳ ಮೃದುವಾಗಿ ಹೇಳಿದಳು. ಅವಳ ಹಿಂದೆ ಟ್ರೈಲರು ನಿಂತಿತ್ತು.

ನಾನು ಕನ್ನಡದಲ್ಲಿ ಹೇಳಿದೆ. ಅತ್ತೆ ನೀರು ನೋಡಿದರು. ಒಂದು ಎಲೆ ನಮ್ಮ ಕಡೆಗೆ, ಅಂದರೆ ನದಿ ಬಂದ ಕಡೆಗೆ, ನಿಧಾನವಾಗಿ ತೇಲಿ ಬರ್ತಿತ್ತು. ರಮೇಶ ಬಗ್ಗಿ, ಸಾಕಮ್ಮ, ಇಲ್ಲೇ ಬಿಟ್ಟುಬಿಡು, ನೀರು ತಾನೇ ಕಡಲಿಗೆ ಹೋಗುತ್ತೆ ಅಂದರು. ಅತ್ತೆ ಅವರ ಕಡೆ ತಿರುಗಲೂ ಇಲ್ಲ, ನನಗೆ ಹೇಳಿದರು.

"ಇಳ್ತ ಮತ್ತೆ ಬತ್ತ್. ನೀ ಇಳ್ದ್ ಕಾರ್ ಹತ್ತ್, ಹೆಣ್ಣೇ. ನಿನ್ ಕೈ ಹೋಯ್ತ್. ನಾನೊಬ್ಳೇ ಹೋತೆ."

"ಒಬ್ಬರೇ ಹೋಗೋಕೆ ನಾನೇನು ಸತ್ತು ಹೋಗಿದೀನಾ?" ಅಂದೆ.

ಅಂದಮೇಲೆ ನಾಲಿಗೆ ಕಚ್ಚಿಕೊಂಡೆ. ಸೂತಕದ ಮನೆಯವರ ಮುಂದೆ ಆಡುವ ಮಾತೇ ಅದು? ರಮೇಶನ ಮುಖ ಬಿಳುಚಿಕೊಂಡಿತು. ಹಿಂದಿನಿಂದ ಒಂದು ಸದ್ದು ಬಂತು, ಅತ್ತೆ ನಗ್ತಿದ್ದರು. ಹೊಟ್ಟೆ ಹಿಡಿದುಕೊಂಡು ನಗ್ತಿದ್ದರು. ನಾನೂ ನಕ್ಕೆ. ಹಳದಿ ಕೋಟಿನ ಹುಡುಗಿಗೆ ಏನೂ ಅರ್ಥವಾಗದೆ ಅವಳೂ ನಕ್ಕಳು.

ನಮ್ಮ ನಂಬರಿನ ಬಟ್ಟೆ ಬಿಚ್ಚಿ ಅವಳಿಗೆ ಕೊಟ್ಟೆ. ರೇಸಿನಲ್ಲಿ ಸೋತೆವು ಅಂತ ಬರೆದುಕೊಂಡಳು. ಡೆಕ್ಲನ್ ಎಲ್ಲ ಕೇಳಿಸಿಕೊಂಡು, ರೇಸು ಅವರದು, ದೋಣಿ ನನ್ನದು ಅಂದರು. ತಮ್ಮ ಸಣ್ಣ ಮೋಟರ್ ದೋಣಿ ತರಿಸಿ, ಸಾಯಂಕಾಲ ಇಳಿತದ ಜೊತೆ ನಾನೂ ಬರ್ತೀನಿ, ಪಕ್ಕದಲ್ಲಿರ್ತೀನಿ, ಆದರೆ ಎಳೆಯಲ್ಲ ಅಂದರು. ಎಳೀಬೇಡಿ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಮಧ್ಯಾಹ್ನವಿಡೀ ದಂಡೆಯ ಹುಲ್ಲಿನಲ್ಲಿ ಕಾದೆವು. ನಾನು ನಿದ್ದೆ ಹೋದೆ. ಎಚ್ಚರವಾದಾಗ ಅತ್ತೆ ಮತ್ತು ಡೆಕ್ಲನ್ ಆರಡಿ ದೂರದಲ್ಲಿ ಕೂತು, ತಲಾ ಒಂದು ಫ್ಲಾಸ್ಕಿನಿಂದ ಚಹಾ ಕುಡೀತಾ, ನೀರಿನ ಮಟ್ಟ ತಿಳಿಯೋಕೆ ಕೆಸರಿನ ಅಂಚಿನಲ್ಲಿ ತಾವೇ ನೆಟ್ಟ ಒಂದೊಂದು ಕಡ್ಡಿಯನ್ನು ನೋಡ್ತಿದ್ದರು. ಇವರು ಕನ್ನಡದಲ್ಲಿ ಏನೋ ಅಂದರು, ಅವರು ಇಂಗ್ಲಿಷಿನಲ್ಲಿ ಏನೋ ಅಂದರು, ಇಬ್ಬರೂ ಒಟ್ಟಿಗೆ ಎದ್ದರು. ನೀರು ತಿರುಗಿತ್ತು.

ಇಲ್ಲಿಯ ಜುಲೈ ಸಂಜೆಗೆ ಕತ್ತಲು ಬಹಳ ತಡ. ದಂಡೆಯಲ್ಲಿ ಒಬ್ಬರೂ ಇಲ್ಲ, ಕೂಗೋರಿಲ್ಲ, ಮುಂದೆ ಯಾರ ದೋಣಿಯೂ ಇಲ್ಲ. ಇಳಿತ ನಮ್ಮನ್ನು ಹೊತ್ತುಕೊಂಡು ಹೋಗ್ತಿತ್ತು, ಆದರೂ ಅತ್ತೆ ಹುಟ್ಟಿನ ಒಂದು ಎಳೆತವನ್ನೂ ಬಿಡಲಿಲ್ಲ, ನನಗೂ ಬಿಡೋಕೆ ಬಿಡಲಿಲ್ಲ. ಕೈಗೆ ಸುತ್ತಿದ ಬಟ್ಟೆ ಕೆಂಪಾಯ್ತು. ಗಂಟೆಗಟ್ಟಲೆ ಹುಟ್ಟು ಹಾಕಿದ ಮೇಲೆ ನ್ಯೂ ರಾಸ್ ಸೇತುವೆ ಬಂತು. ಅದರ ಕೆಳಗೆ ಹಾದೆವು, ರೇಸಿನ ಕೊನೆಯ ಗುರುತಿನ ಬಾವುಟ ದಾಟಿದೆವು. ಅತ್ತೆ ಆಗಾಗ ಬೆರಳು ಅದ್ದಿ ನಾಲಿಗೆಗೆ ಇಟ್ಟು, ಇಲ್ಲೆ, ಇನ್ನೂ ಇಲ್ಲೆ ಅಂತಿದ್ದರು. ನದಿ ಅಗಲವಾಯ್ತು, ಗಾಳಿ ಬೇರೆ ಆಯ್ತು. ಮತ್ತೊಮ್ಮೆ ಬೆರಳು ಅದ್ದಿದವರು ಹುಟ್ಟನ್ನು ಅಡ್ಡ ಒತ್ತಿ, ದೋಣಿ ಕೊಚ್ಚಿಹೋಗದ ಹಾಗೆ ಇಳಿತಕ್ಕೆ ಎದುರಾಗಿ ತಿರುಗಿಸಿದರು. ಈಗ ನಮ್ಮ ಮೂತಿ ಬಂದ ದಾರಿಯ ಕಡೆಗಿತ್ತು, ಬೆನ್ನು ಕಡಲಿನ ಕಡೆಗೆ. ನಾನೂ ಬೆರಳು ಅದ್ದಿ ನೋಡಿದೆ. ಉಪ್ಪು.

ಹಿಂದೆ ಪ್ಲಾಸ್ಟಿಕ್ ಬಿಚ್ಚುವ ಸದ್ದಾಯ್ತು. ಅತ್ತೆ ಅಣ್ಣನ ಪೂರ್ತಿ ಹೆಸರು ಹೇಳಿದರು, ಅಪ್ಪನ ಹೆಸರು ಹೇಳಿದರು, ಕುದ್ರುವಿನ ಹೆಸರು ಹೇಳಿದರು. "ಅಣ್ಣ, ಬಂತ್ ಕಾಣ್. ಇಳಿ" ಅಂದರು. ನೀರಿಗೆ ನೀರು ಬಿದ್ದ ಸದ್ದು. ಡೆಕ್ಲನ್ ದೂರದಲ್ಲಿ ಮೋಟರ್ ಆರಿಸಿ ಟೋಪಿ ತೆಗೆದಿದ್ದರು. ಆಮೇಲೆ ಶುರುವಾಯ್ತು, ಮೊದಲು ಉಸಿರು ಸಿಕ್ಕಿಕೊಂಡ ಹಾಗೆ, ಆಮೇಲೆ ಬಾಯಿಬಿಟ್ಟು, ಎದೆ ಬಿಚ್ಚಿ. ಮೇ ತಿಂಗಳಿನಿಂದ ತಡೆದಿಟ್ಟಿದ್ದ ಅಳು.

ನಾನು ತಿರುಗಲಿಲ್ಲ. ಎದ್ದು ತಬ್ಬಿಕೊಳ್ಳೋಣ ಅಂದರೆ ದೋಣಿ ಮಗುಚುತ್ತೆ. ಇಳಿತ ನಮ್ಮನ್ನು ಕಡಲಿನ ಕಡೆ ಎಳೀತಿತ್ತು, ಹಿಂದೆ ಹುಟ್ಟು ನಿಂತಿತ್ತು. ಹಾಗಾಗಿ ನಾನೇ ಎಳೆದೆ, ತೋಳಲ್ಲಿ, ಸೊಂಟದಲ್ಲಿ, ಇದ್ದಬದ್ದ ಶಕ್ತಿಯಲ್ಲಿ. ದೋಣಿ ಒಂದು ಅಡಿ ಮುಂದೆ ಹೋಗಲಿಲ್ಲ, ಒಂದು ಅಡಿ ಹಿಂದೆ ಜಾರಲಿಲ್ಲ. ಅವರು ಅಳುವಷ್ಟು ಹೊತ್ತೂ ದೋಣಿಯನ್ನು ಅಲ್ಲೇ ಹಿಡಿದಿಟ್ಟೆ.